ಹಗಲಲ್ಲೇ ತಿರುಗುವ, ಆದರೂ ಕಾಣದ ಮರನಾಯಿ

ಏಪ್ರಿಲ್ ಕೊನೆ. ಹೂಮಳೆ ಬಿದ್ದು ಕಾಫಿ ಹೂ ಉದುರಿ ಆಗಿತ್ತು. ಮುಂಗಾರು ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿಸುವ ಗಡಿಬಿಡಿ. ಭಾಗಮಂಡಲದ ಕಡೆ ನಮ್ಮ ಮಾವನ ತೋಟ ಇದೆ. ಅದರ ಮೇಲಿನ ಅಂಚು ಕಾಡಿಗೆ ತಾಗಿಕೊಂಡಿದೆ. ಅವತ್ತು ಹೊನ್ನೆಮರ ಹತ್ತಿದ್ದ ಹುಡುಗ ಕತ್ತಿ ಬೀಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಅಣ್ಣಾ, ಇಲ್ಲೊಂದು ಎಂಥದೋ ಇದೆ."

"ಬೆಕ್ಕಾ?"

"ಬೆಕ್ಕಲ್ಲ, ಕೀರಿಯೂ ಅಲ್ಲ. ಬಾಲ ಇಷ್ಟುದ್ದ. ಕುತ್ತಿಗೆಗೆ ಅರಿಶಿನ ಹಚ್ಚಿದ ಹಾಗೆ ಇದೆ."

ನಾವು ತಲೆ ಎತ್ತುವಷ್ಟರಲ್ಲಿ ಕಪ್ಪುಕಂದು ಬಣ್ಣದ ಒಂದು ಗೆರೆ ಹೊನ್ನೆಯಿಂದ ಪಕ್ಕದ ಹಲಸಿಗೆ ದಾಟಿತು. ಕವಲಿನಲ್ಲಿ ನಿಂತು ನಮ್ಮನ್ನು ನೋಡಿತು. ತಲೆಯನ್ನು ಒಮ್ಮೆ ಕೆಳಗೆ, ಒಮ್ಮೆ ಪಕ್ಕಕ್ಕೆ ಆಡಿಸಿತು. ಗಂಟಲಿನಿಂದ ಎದೆಯವರೆಗೆ ಹಳದಿ, ಕೆಳಗೆ ಬರುತ್ತಾ ಕಿತ್ತಳೆ. ಆಮೇಲೆ ಇಲ್ಲ. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು. ಮಾವನಿಗೆ ಎಪ್ಪತ್ತು ದಾಟಿದೆ, ಹುಟ್ಟಿದ್ದೂ ಬೆಳೆದದ್ದೂ ಅದೇ ತೋಟದಲ್ಲಿ. ಅವರು ಅದನ್ನು ನೋಡಿದ್ದು ಅದು ಎರಡನೇ ಸಲವಂತೆ.

ನಾವು ನೋಡಿದ್ದು ನೀಲಗಿರಿ ಮಾರ್ಟೆನ್. ನನ್ನನ್ನು ಕಾಡಿದ ಪ್ರಶ್ನೆ ಇಷ್ಟೇ. ಪುನುಗು ಬೆಕ್ಕು ರಾತ್ರಿ ಪ್ರಾಣಿ, ಕಾಣದಿದ್ದರೆ ಆಶ್ಚರ್ಯವಿಲ್ಲ. ಆದರೆ ಇದು ಹಗಲಲ್ಲೇ ಬೇಟೆಯಾಡುವ ಪ್ರಾಣಿ. ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ಒಂದು ಮೀಟರ್ ಉದ್ದ. ಕುತ್ತಿಗೆಯಲ್ಲಿ ಇಷ್ಟು ಢಾಳಾದ ಬಣ್ಣ ಬೇರೆ. ಆದರೂ ಎಪ್ಪತ್ತು ವರ್ಷದಲ್ಲಿ ಎರಡೇ ಸಲ ಕಾಣುವುದು ಅಂದರೆ ಹೇಗೆ?

ಉತ್ತರಕ್ಕೆ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಭಾಷೆಗಳಲ್ಲಿ ಗುರುತು ಸಿಗದ ಪ್ರಾಣಿಗೆಲ್ಲ ನಾಯಿ ಅಥವಾ ಬೆಕ್ಕು ಅಂತ ಹೆಸರಿಡುವ ಅಭ್ಯಾಸ ಇದೆ. ನೀರಲ್ಲಿದ್ದರೆ ನೀರುನಾಯಿ. ಮರದಲ್ಲಿದ್ದರೆ ಮರನಾಯಿ, ಇಲ್ಲವೇ ಮರಬೆಕ್ಕು. ಗಡಿಯಾಚೆ ಕೇರಳದಲ್ಲಿ ಮಾರ್ಟೆನ್‌ಗೆ ‘ಮರನಾಯ’ ಅನ್ನುತ್ತಾರೆ. ಅದೇ ಮಲಯಾಳದಲ್ಲಿ ‘ಮರಪಟ್ಟಿ’ ಅಂದರೆ ಪುನುಗು ಬೆಕ್ಕಿನ ಜಾತಿ. ಪಟ್ಟಿ ಅಂದರೂ ನಾಯಿಯೇ, ನಾಯ ಅಂದರೂ ನಾಯಿಯೇ! ತಮಿಳಿಗೆ ಹೋದರೆ ‘ಮರನಾಯ್’ ಅಂದರೆ ಮತ್ತೆ ಆ ಪುನುಗಿನ ಜಾತಿ. ಕೊಡಗಿನಲ್ಲಿ ಮೂರು ನಾಲ್ಕು ಭಾಷೆ ಬೆರೆಯುತ್ತವೆ. ಹಾಗಾಗಿ ಯಾರಾದರೂ ‘ಮರನಾಯಿ ನೋಡಿದೆ’ ಅಂದರೆ, ಹಗಲಲ್ಲೋ ರಾತ್ರಿಯಲ್ಲೋ ಅಂತ ಮೊದಲು ಕೇಳಬೇಕು. ನಾನು ಇಲ್ಲಿ ಮರನಾಯಿ ಅನ್ನುವುದು ಹಳದಿ ಕುತ್ತಿಗೆಯ ಈ ಮಾರ್ಟೆನ್‌ಗೆ ಮಾತ್ರ.

ಇದು ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ಮುಂಗುಸಿಯ ನೆಂಟನೂ ಅಲ್ಲ. ಇದರ ಮನೆತನ ಬೇರೆ. ಇಂಗ್ಲಿಷ್‌ನಲ್ಲಿ ವೀಸಲ್ ಅನ್ನುತ್ತಾರಲ್ಲ, ಆ ಕುಟುಂಬ. ಮಸ್ಟೆಲಿಡೆ ಅಂತ ಅದರ ಶಾಸ್ತ್ರದ ಹೆಸರು. ಅಂಗೈ ಮೇಲೆ ಕೂರುವಷ್ಟು ಪುಟ್ಟ ವೀಸಲ್‌ನಿಂದ ಹಿಡಿದು, 40 ಕಿಲೋ ತೂಗುವ ಕಡಲ ನೀರುನಾಯಿಯವರೆಗೆ ಎಲ್ಲ ಇದೇ ಮನೆಯವರು. ಕಾವೇರಿಯಲ್ಲಿ ಗುಂಪಾಗಿ ಮೀನು ಹಿಡಿಯುವ ನೀರುನಾಯಿ ನಿಮಗೆ ಗೊತ್ತಲ್ವಾ? ಬೆಟ್ಟದ ತೊರೆಗಳಲ್ಲಿ ಕಲ್ಲಿನಡಿ ಕೈ ತೂರಿಸಿ ಏಡಿ ಹುಡುಕುವ ಚಿಕ್ಕ ಉಗುರಿನ ನೀರುನಾಯಿ ಇನ್ನೊಂದು. ಕಾವೇರಿ ಬಯಲಿಗೆ ಇಳಿದ ಮೇಲೆ ಸಿಗುವ ಒಣಕಾಡಿನಲ್ಲಿ ತರಕರಡಿ (ಇಂಗ್ಲಿಷ್‌ನಲ್ಲಿ ಹನಿ ಬ್ಯಾಜರ್) ಇದೆ. ಇವೆಲ್ಲ ಮರನಾಯಿಯ ದಾಯಾದಿಗಳು. ನೀರು, ನೆಲ, ಮರ ಅಂತ ಒಬ್ಬೊಬ್ಬರು ಒಂದೊಂದು ಪಾಲು ಹಂಚಿಕೊಂಡ ಹಾಗೆ.

ಈ ಮನೆತನದ ಹೆಚ್ಚಿನವರದ್ದು ಒಂದೇ ಅಚ್ಚು. ಉದ್ದ ಮೈ, ಗಿಡ್ಡ ಕಾಲು. ಮರನಾಯಿಯ ಬದುಕಿನ ಮುಕ್ಕಾಲು ಪಾಲು ಗುಟ್ಟು ಇರುವುದು ಈ ಆಕಾರದಲ್ಲೇ.

ಇದನ್ನು ಕೊಡಗಿನ ಅಡುಗೆಮನೆಯಲ್ಲೇ ನೋಡಬಹುದು. ಕಡಂಬುಟ್ಟು ಅಂದರೆ ಉಂಡೆ, ನೂಪುಟ್ಟು ಅಂದರೆ ಶಾವಿಗೆಯಂಥ ಎಳೆ. ಎರಡೂ ಅಕ್ಕಿಯದ್ದೇ, ಎರಡೂ ಹಬೆಯಲ್ಲಿ ಬೆಂದದ್ದೇ. ಒಂದೇ ಹೊತ್ತಿಗೆ ಇಳಿಸಿ ತಟ್ಟೆಗೆ ಹಾಕಿ. ಪಂದಿ ಕರಿ ಬರುವಷ್ಟರಲ್ಲಿ ನೂಪುಟ್ಟು ಆರಿರುತ್ತದೆ. ಕಡಂಬುಟ್ಟು ಒಡೆದರೆ ಒಳಗಿನಿಂದ ಇನ್ನೂ ಹಬೆ ಏಳುತ್ತದೆ. ಕಾರಣ ಸುಲಭ. ಉಂಡೆಗೆ ಗಾಳಿ ತಾಗುವ ಮೈ ಕಡಿಮೆ, ಎಳೆಗೆ ಜಾಸ್ತಿ. ಪ್ರಾಣಿಗಳಿಗೂ ಇದೇ ಲೆಕ್ಕ. ಬೆಕ್ಕು ಚಳಿಯಾದರೆ ಸುತ್ತಿಕೊಂಡು ಕಡಂಬುಟ್ಟಾಗುತ್ತದೆ. ವೀಸಲ್ ಜಾತಿಯವು ಎಷ್ಟು ಸುತ್ತಿಕೊಂಡರೂ ಸರಿಯಾದ ಉಂಡೆ ಆಗುವುದಿಲ್ಲ. 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಚಳಿಯಲ್ಲಿ ವೀಸಲ್‌ಗಳು ಅಷ್ಟೇ ತೂಕದ ಬೇರೆ ಆಕಾರದ ಪ್ರಾಣಿಗಿಂತ 50ರಿಂದ 100 ಶೇಕಡಾ ಹೆಚ್ಚು ಶಕ್ತಿ ಉರಿಸುತ್ತವೆ.

ಮರನಾಯಿ ಆ ವೀಸಲ್‌ಗಳಷ್ಟು ಪುಟ್ಟದಲ್ಲ. ತೂಕ ಎರಡು ಕಿಲೋ ಆಸುಪಾಸು. ನಮ್ಮ ಬೆಟ್ಟದಲ್ಲಿ ಹಿಮ ಬೀಳುವುದೂ ಇಲ್ಲ. ಆದರೆ ಅಚ್ಚು ಅದೇ, ಒಲೆಯೂ ಅದೇ. ತಿಂದದ್ದು ಬೇಗ ಉರಿಯುತ್ತದೆ, ಮತ್ತೆ ಹುಡುಕಬೇಕು. ಅದಕ್ಕೇ ಇದು ಒಂದು ಕಡೆ ಹೊಂಚು ಹಾಕಿ ಕೂರುವ ಪ್ರಾಣಿಯಲ್ಲ. ಚಿರತೆಯ ತಾಳ್ಮೆ ಇದಕ್ಕಿಲ್ಲ. ಓಡು, ಮೂಸು, ಪೊಟರೆಗೆ ತಲೆ ತೂರಿಸು, ಮತ್ತೆ ಓಡು.

ಆಕಾರದಿಂದ ನಷ್ಟ ಇದೆ ಅಂದಮೇಲೆ ಲಾಭವೂ ಇರಲೇಬೇಕು. ತಲೆ ತೂರಿದ ಪೊಟರೆಗೆ ಇದರ ಮೈಯೂ ತೂರುತ್ತದೆ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ, ಆ ಬಿಚ್ಚುವಿಕೆಯಲ್ಲೇ ನೆಗೆತ. ಕೊಂಬೆ ಮೇಲೆ ಅದು ಓಡುವುದನ್ನು ನೋಡಿದರೆ ಪ್ರಾಣಿ ಓಡಿದ ಹಾಗಲ್ಲ, ಹಗ್ಗ ಕುಲುಕಿದಾಗ ಅಲೆ ಹೋದ ಹಾಗೆ ಕಾಣುತ್ತದೆ. ಬಾಲ 40ರಿಂದ 45 ಸೆಂಟಿಮೀಟರ್, ಮೈ 55ರಿಂದ 65. ಅಂದರೆ ಬಾಲ ಮೈಯ ಮುಕ್ಕಾಲು ಭಾಗಕ್ಕೆ ಹತ್ತಿರ. ನೆಗೆಯುವಾಗ ತೂಕ ಸರಿದೂಗಿಸುವ ಕೋಲು ಅದು. ಉಗುರನ್ನು ಅರ್ಧ ಒಳಗೆಳೆದುಕೊಳ್ಳಬಲ್ಲದು, ಹಾಗಾಗಿ ಮೊನೆ ಸವೆಯುವುದಿಲ್ಲ.

ಈ ಉಗುರಿನಲ್ಲಿ ಏನೇನು ಹಿಡಿಯುತ್ತದೆ? ಜೀರುಂಡೆ, ಹಕ್ಕಿ, ಇಲಿ ಎಲ್ಲ ಸರಿ. ಅವು ದಿನದ ಊಟ. ಅದರ ಧೈರ್ಯ ಗೊತ್ತಾಗುವುದು ದೊಡ್ಡ ಬೇಟೆಯಲ್ಲಿ. ಉಡ ಹಿಡಿದಿದ್ದು ದಾಖಲಾಗಿದೆ. ಬರ್ಕ, ಅಂದರೆ ಇಲಿಜಿಂಕೆಯನ್ನು ಹಿಡಿದದ್ದೂ ದಾಖಲಾಗಿದೆ. ಬರ್ಕ ಮೂರು ಕಿಲೋ ತೂಗುತ್ತದೆ, ಬೇಟೆಗಾರನಿಗಿಂತ ಬೇಟೆಯೇ ಭಾರ! ಕೆಂದಳಿಲನ್ನು ಅಟ್ಟಿಸಿಕೊಂಡು ಹೋಗುವುದನ್ನೂ ಜನ ನೋಡಿದ್ದಾರೆ. ಅಳಿಲು ಸಿಕ್ಕಾಪಟ್ಟೆ ಚುರುಕು, ಮರದಿಂದ ಮರಕ್ಕೆ ಆರು ಮೀಟರ್ ಹಾರಬಲ್ಲದು. ಮರದ ಮೇಲೆ ಅದನ್ನು ಬೆನ್ನಟ್ಟುವ ಎದೆಗಾರಿಕೆ ಇರುವ ನಾಲ್ಕು ಕಾಲಿನ ಪ್ರಾಣಿಗಳು ನಮ್ಮ ಕಾಡಿನಲ್ಲಿ ಬಹಳ ಇಲ್ಲ.

ಇನ್ನು ಜೇನು. ಕೊಡಗಿನವರಿಗೆ ಮರನಾಯಿಯ ಮೇಲೆ ಏನಾದರೂ ಹಳೇ ಸಿಟ್ಟು ಇದ್ದರೆ ಅದು ಇಲ್ಲಿಂದಲೇ. ಹಿಮಾಲಯದ ಕಡೆ ಇರುವ ಇದರ ಅಣ್ಣತಮ್ಮನಿಗೆ ಇಂಗ್ಲಿಷಿನವರು ‘ಜೇನುನಾಯಿ’ ಅಂತಲೇ ಅಡ್ಡಹೆಸರು ಇಟ್ಟಿದ್ದಾರೆ. ನಮ್ಮದೂ ಕಡಿಮೆಯಲ್ಲ. ಮರದ ಪೊಟರೆಯಲ್ಲಿ ತುಡುವೆ ಜೇನು ಕಟ್ಟುವ ಜಾಗ, ಮರನಾಯಿ ದಿನಾ ತಲೆ ತೂರಿಸಿ ನೋಡುವ ಜಾಗ, ಎರಡೂ ಒಂದೇ. ದಟ್ಟ ತುಪ್ಪಳ ಕುಟುಕನ್ನು ಅಷ್ಟಿಷ್ಟು ತಡೆಯುತ್ತದೆ. ಎರಿ ಮಾತ್ರ ಉಳಿಯುವುದಿಲ್ಲ. ಮನುಷ್ಯ ಅದೇ ತುಡುವೆಯನ್ನು ಪೆಟ್ಟಿಗೆಗೆ ತಂದು ತೋಟದಲ್ಲಿಟ್ಟ. ಮರನಾಯಿಯ ಲೆಕ್ಕದಲ್ಲಿ ಅದೊಂದು ಚೌಕಾಕಾರದ ಪೊಟರೆ, ಅಷ್ಟೇ. ಅಲ್ಲದೆ ಕೈಗೆ ಎಟುಕುವ ಎತ್ತರದಲ್ಲಿ. ತುಡುವೆ ಸಾಕುವವರು ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು ಇಡುವುದು ಇರುವೆಗೆ, ಮುಚ್ಚಳದ ಮೇಲೆ ಕಲ್ಲು ಹೇರುವುದು ಗಾಳಿಗೆ ಮತ್ತು ಇಂಥ ನೆಂಟರಿಗೆ.

ಸರಿ, ಕಾಣದಿರುವ ಪ್ರಶ್ನೆಗೆ ಬರೋಣ.

ಮೊದಲನೇ ಕಾರಣ ನಮ್ಮ ಕತ್ತು. ಕಾಡಿನಲ್ಲಿ ನಡೆಯುವವನ ಕಣ್ಣು ನೆಲದ ಮೇಲಿರುತ್ತದೆ. ಕೊಡಗಿನಲ್ಲಂತೂ ಜಿಗಣೆ, ಹಾವು, ಆನೆ ಲದ್ದಿ, ಜಾರುವ ಬೇರು. ತಲೆ ಎತ್ತಿದರೆ ಬಿದ್ದ ಹಾಗೆಯೇ. ಮರನಾಯಿ ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಬರ್ಕ ಸಿಗುವುದು ಹೇಗೆ? ಆದರೆ ಹೆಚ್ಚಿನ ಓಡಾಟ ಮೇಲೆಯೇ. ಕ್ಯಾಮೆರಾಗಳದ್ದೂ ಇದೇ ಕಥೆ. ಕಾಡಿನಲ್ಲಿ ಕಟ್ಟುವ ಸ್ವಯಂಚಾಲಿತ ಕ್ಯಾಮೆರಾಗಳನ್ನು ಹೆಚ್ಚಾಗಿ ಇಡುವುದು ಹುಲಿ, ಚಿರತೆಗೆ. ಮಂಡಿ ಎತ್ತರದಲ್ಲಿ, ಕಾಲುದಾರಿಯ ಪಕ್ಕ. ಮೂವತ್ತು ಮೀಟರ್ ಮೇಲೆ ಓಡುವವನು ಅದರೊಳಗೆ ಯಾಕೆ ಬೀಳುತ್ತಾನೆ?

ಎರಡನೆಯದು ಜಾಗದ ಲೆಕ್ಕ. ಮಾಂಸ ತಿನ್ನುವ, ಬೇಗ ಹಸಿಯುವ ಪ್ರಾಣಿಗೆ ದೊಡ್ಡ ಮೇವಿನ ಸೀಮೆ ಬೇಕು. ಇದರ ಹತ್ತಿರದ ನೆಂಟ ಹಳದಿ ಗಂಟಲಿನ ಮಾರ್ಟೆನ್‌ಗೆ ಥಾಯ್ಲೆಂಡ್‌ನಲ್ಲಿ ರೇಡಿಯೊ ಪಟ್ಟಿ ಕಟ್ಟಿ ನೋಡಿದಾಗ, ಒಂದೊಂದು ಪ್ರಾಣಿ ಸುಮಾರು 7 ಚದರ ಕಿಲೋಮೀಟರ್ ಸುತ್ತುವುದು ಕಂಡಿತು. ಎಕರೆಗೆ ತಿರುಗಿಸಿದರೆ 1700ರ ಮೇಲೆ. ನಮ್ಮದೂ ಅಂದಾಜು ಹಾಗೇ ಇದ್ದರೆ, ನೂರು ಎಕರೆ ತೋಟ ಇರುವ ಸಾಹುಕಾರನಿಗೂ ಪೂರ್ತಿ ಒಂದು ಮರನಾಯಿ ಸೇರುವುದಿಲ್ಲ. ಅದರ ಹದಿನೇಳನೇ ಒಂದು ಪಾಲು ಸೇರಬಹುದು. ನಮ್ಮ ಮಾವನದ್ದು ಹದಿನೆಂಟು ಎಕರೆ, ಅವರ ಪಾಲಿಗೆ ಬಹುಶಃ ಬಾಲದ ತುದಿ.

ಮೂರನೆಯದು, ಇದು ಗುಂಪಿನ ಪ್ರಾಣಿಯಲ್ಲ. ಒಂಟಿ, ಇಲ್ಲವೇ ಜೋಡಿ. ಮಂಗಗಳ ಹಾಗೆ ದಂಡು ಕಟ್ಟಿ ಗಲಾಟೆ ಮಾಡಿದ್ದರೆ ನಮಗೂ ಗೊತ್ತಾಗುತ್ತಿತ್ತು. ಜೊತೆಗೆ, ಎಲ್ಲ ಕಾಡಿನಲ್ಲೂ ಇದು ಇಲ್ಲ. ಇಡೀ ಲೋಕದಲ್ಲಿ ಇರುವುದು ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಮಾತ್ರ. ಉತ್ತರಕ್ಕೆ ಚಾರ್ಮಾಡಿ ಕಾಡಿನಿಂದ ದಕ್ಷಿಣಕ್ಕೆ ಕೇರಳದ ತುದಿಯ ಬೆಟ್ಟಗಳವರೆಗೆ, ಅದೂ ಬಿಡಿಬಿಡಿಯಾಗಿ. ಮಳೆಕಾಡು, ಶೋಲಾ ಕಾಡು, ಅವುಗಳ ಅಂಚಿನ ತೋಟ. ಕೊಡಗಿನಲ್ಲಿ ಅದಕ್ಕೆ ಒಗ್ಗುವ ಜಾಗ ಪಡುವಣದ ನೆತ್ತಿಯ ಉದ್ದಕ್ಕೆ ಇದೆ. ಉತ್ತರದಲ್ಲಿ ಪುಷ್ಪಗಿರಿ, ನಡುವೆ ತಲಕಾವೇರಿ, ದಕ್ಷಿಣದಲ್ಲಿ ಬ್ರಹ್ಮಗಿರಿ, ಮೂರೂ ವನ್ಯಧಾಮಗಳು. ಬ್ರಹ್ಮಗಿರಿ ಆದದ್ದು 1974ರಲ್ಲಿ, ಉಳಿದೆರಡು 1987ರಲ್ಲಿ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ಮಳೆ ದಾಟುವುದು ಹೊಸದೇನಲ್ಲ. ಪೂರ್ವಕ್ಕೆ ನಾಗರಹೊಳೆ ಕಡೆ ಹೋದರೆ ಕಾಡು ಇದೆ, ಆದರೆ ಅದು ಬೇಸಿಗೆಗೆ ಎಲೆ ಉದುರುವ ಕಾಡು. ಹುಲಿ ನೋಡಲು ಅಲ್ಲಿಗೆ ಹೋಗಿ. ಮರನಾಯಿ ನೋಡಬೇಕು ಅಂದರೆ ಜಿಗಣೆ ಕಚ್ಚುವ ಕಡೆಗೇ ಹೋಗಬೇಕು.

ಕಾಡು ಮತ್ತು ತೋಟ ಅಂತ ಗೆರೆ ಎಳೆದು ಮಾತಾಡುತ್ತೇವೆ. ಮರದ ಮೇಲಿನವನಿಗೆ ಬೇಲಿ ಕಾಣುವುದಿಲ್ಲ. ಅವನಿಗೆ ಕಾಣುವುದು ಕೊಂಬೆಗೆ ಕೊಂಬೆ ತಾಗುತ್ತದೋ ಇಲ್ಲವೋ ಅನ್ನುವುದು ಮಾತ್ರ. ಹೊನ್ನೆ, ಹಲಸು, ನೇರಳೆ, ಅತ್ತಿ ಇರುವ ಹಳೇ ತೋಟ ಅವನಿಗೆ ಕಾಡಿನ ಮುಂದುವರಿಕೆ. ಅದನ್ನೆಲ್ಲ ತೆಗೆದು ಬರೀ ಸಿಲ್ವರ್ ಓಕ್ ನೆಟ್ಟರೆ? ಸಿಲ್ವರ್ ಓಕ್ ಕೋಲಿನ ಹಾಗೆ ನೆಟ್ಟಗೆ ಏರುತ್ತದೆ. ಪೊಟರೆ ಇಲ್ಲ, ಹಣ್ಣಿಲ್ಲ, ಅಡ್ಡ ಚಾಚಿದ ದಪ್ಪ ಕೊಂಬೆಯೂ ಇಲ್ಲ. ಕಾಳುಮೆಣಸಿನ ಬಳ್ಳಿಗೆ ಚೆನ್ನ, ಕಡಿದು ಮಾರಲಿಕ್ಕೂ ಸುಲಭ. ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ. ನೆಟ್ಟ ಸಿಲ್ವರ್ ಓಕ್ ಕೈಗೆ ಕಾಸು ತರುತ್ತದೆ, ತಾನಾಗೇ ಬೆಳೆದ ಹೊನ್ನೆ ಕಡಿಯಲು ಹತ್ತು ಕಾಗದ ಬೇಕು. ಮರದ ಹಕ್ಕಿನ ಆ ಕಥೆಗೆ ಬೇರೆಯೇ ಲೇಖನ ಬೇಕು.

ದೇವರಕಾಡುಗಳಿವೆಯಲ್ಲ ಅಂತ ಕೇಳಬಹುದು. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಜ. ಆದರೆ ಬಹಳಷ್ಟು ಐದಾರು ಎಕರೆಗೂ ಚಿಕ್ಕವು. 1700 ಎಕರೆ ಸುತ್ತುವವನಿಗೆ ಅದು ಮನೆಯಲ್ಲ, ದಾರಿಯಲ್ಲಿ ಸಿಗುವ ತಂಗುದಾಣ. ತಂಗುದಾಣಕ್ಕೂ ಬೆಲೆ ಇದೆ, ಎರಡು ತಂಗುದಾಣದ ನಡುವೆ ದಾರಿ ಇದ್ದರೆ.

ಇನ್ನೊಂದು ಸೋಜಿಗ ಇದೆ. ದಕ್ಷಿಣ ಭಾರತದಲ್ಲಿ ಇರುವ ಮಾರ್ಟೆನ್ ಇದೊಂದೇ. ಮುಂದಿನ ಮಾರ್ಟೆನ್ ನೋಡಬೇಕಾದರೆ ನೀವು ಹಿಮಾಲಯಕ್ಕೇ ಹೋಗಬೇಕು. ನಡುವೆ ಸಾವಿರಾರು ಕಿಲೋಮೀಟರ್ ಬಯಲು. ಅಲ್ಲಿನ ಹಳದಿ ಗಂಟಲಿನ ಮಾರ್ಟೆನ್ ನೋಡಲು ಇದರ ಹಾಗೇ ಇದೆ, ಎಷ್ಟೆಂದರೆ ಎರಡೂ ಒಂದೇ ಅಂತ ವಾದ ಮಾಡಿದವರೂ ಇದ್ದರು. ನಮ್ಮದಕ್ಕೆ 1851ರಲ್ಲಿ ಹೆಸರಿಟ್ಟವನು ಥಾಮಸ್ ಹಾರ್ಸ್‌ಫೀಲ್ಡ್. ತಲೆಬುರುಡೆಯ ಹಣೆಯ ಭಾಗದಲ್ಲಿ ಎದ್ದು ಕಾಣುವ ಒಂದು ತಗ್ಗಿದೆ. ಬೇರೆ ಜಾತಿ ಅನ್ನಲು ಅದೊಂದು ಮುಖ್ಯ ಗುರುತು.

ಬಯಲು ದಾಟಿದ್ದು ಹೇಗೆ? ಈಶಾನ್ಯದ ಬೆಟ್ಟಗಳ ಮೀನುಗಳಿಗೂ ನಮ್ಮ ಘಟ್ಟದ ಮೀನುಗಳಿಗೂ ಇರುವ ಹೋಲಿಕೆ ನೋಡಿ ಸುಂದರಲಾಲ್ ಹೋರಾ ಎಂಬ ವಿಜ್ಞಾನಿ 1949ರಲ್ಲಿ ಒಂದು ವಿವರಣೆ ಕೊಟ್ಟರು. ಹಿಂದೆ ಹವೆ ಬೇರೆ ಇದ್ದಾಗ ವಿಂಧ್ಯ, ಸಾತ್ಪುರ ಬೆಟ್ಟಸಾಲುಗಳೇ ಸೇತುವೆಯಾಗಿದ್ದವು, ಆಮೇಲೆ ಒಣಗಿ ಸೇತುವೆ ಮುರಿಯಿತು, ಅತ್ತಲಿನವರು ಅತ್ತ, ಇತ್ತಲಿನವರು ಇತ್ತ ಉಳಿದರು ಅಂತ. ಮರನಾಯಿಗೂ ಇಂಥ ವಿವರಣೆಯನ್ನೇ ಕೊಡುತ್ತಾರೆ. ಕೇಳಲು ಚೆಂದ. ಆದರೆ ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಕಟ್ಟಬಾರದು. ನೀಲಗಿರಿ ತಾರ್ ಇದೆಯಲ್ಲ, ಬೆಟ್ಟದ ಆಡು, ಅದನ್ನೂ ಹಿಮಾಲಯದ ತಾರ್‌ನ ತಮ್ಮ ಅಂದುಕೊಂಡಿದ್ದರು. 2005ರಲ್ಲಿ ಡಿಎನ್‌ಎ ನೋಡಿದರೆ ಅದು ಕುರಿಗಳಿಗೆ ಹತ್ತಿರ ಅಂತ ತಿಳಿಯಿತು!

ಸಂಸಾರದ ವಿಷಯ ಒಂದಿಷ್ಟು. ಮಾರ್ಟೆನ್‌ಗಳು ಮರಿ ಹಾಕುವುದು ಹೆಚ್ಚಾಗಿ ಮರದ ಪೊಟರೆಯಲ್ಲಿ. ಚಳಿದೇಶದ ಮಾರ್ಟೆನ್‌ಗಳಲ್ಲಿ ಒಂದು ವಿಚಿತ್ರ ಏರ್ಪಾಡಿದೆ. ಬೇಸಿಗೆಯಲ್ಲಿ ಕೂಡುತ್ತವೆ, ಆದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ತಿಂಗಳುಗಟ್ಟಲೆ ಸುಮ್ನೆ ತೇಲುತ್ತಿರುತ್ತದೆ. ಹಗಲು ಉದ್ದವಾಗತೊಡಗಿದಾಗ ಅಂಟಿಕೊಂಡು ಬೆಳೆಯುತ್ತದೆ, ವಸಂತದಲ್ಲಿ ಮರಿ. ಬೀಜ ಬಿತ್ತಿಟ್ಟು ಮಳೆಗೆ ಕಾದ ಹಾಗೆ. ಹಿಮವೇ ಇಲ್ಲದ ನಮ್ಮ ಘಟ್ಟದ ಮರನಾಯಿಯ ಪೊಟರೆಯೊಳಗಿನ ಬದುಕನ್ನು ಮಾತ್ರ ಇನ್ನೂ ಯಾರೂ ಸರಿಯಾಗಿ ಬರೆದಿಟ್ಟಿಲ್ಲ.

ನೀವು ನೋಡಿದರೆ ಗುರುತಿಸುವುದು ಹೇಗೆ? ಪಟ್ಟೆ ಕುತ್ತಿಗೆಯ ಮುಂಗುಸಿ ಕೊಡಗಿನ ರಸ್ತೆಗಳಲ್ಲೇ ಕಾಣುತ್ತದೆ. ಅದೂ ಕೆಂಪುಗಂದು, ಅದಕ್ಕೇ ಮೋಸ ಹೋಗುವವರು ಜಾಸ್ತಿ. ಆದರೆ ಅದು ನೆಲದವನು, ಕುತ್ತಿಗೆಯ ಪಕ್ಕ ಕಪ್ಪು ಪಟ್ಟೆ, ಬಾಲದ ತುದಿ ಮಾತ್ರ ಕಪ್ಪು. ಪುನುಗಿನ ಜಾತಿಯವು ರಾತ್ರಿಯವು, ನಡಿಗೆಯೂ ನಿಧಾನ. ಮರನಾಯಿಗೆ ಮೈಯ ಮುಂಭಾಗ ಕೆಂಪುಗಂದು, ಹಿಂದೆ ಹೋದಂತೆ ಕಪ್ಪು, ಬಾಲ ಪೂರ್ತಿ ಕಪ್ಪು, ಗಂಟಲು ಹಳದಿ. ಕೆಂದಳಿಲು ಮೇಲಿನಿಂದ ಕಟಕಟ ಅಂತ ಬಿಡದೆ ಬಯ್ಯುತ್ತಿದ್ದರೆ ಒಮ್ಮೆ ತಲೆ ಎತ್ತಿ. ಗಿಡುಗ ಇರಬಹುದು. ಅದೃಷ್ಟ ಇದ್ದರೆ ಇದು.

ಕಂಡರೆ ದೂರದಿಂದಲೇ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ, ಹಿಡಿಯುವುದೂ ಕೊಲ್ಲುವುದೂ ಅಪರಾಧ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲೂ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ.

ಅವತ್ತು ಸಂಜೆ ಮಾವ ಜೇನುಪೆಟ್ಟಿಗೆಗಳ ಹತ್ತಿರ ಹೋಗಿ ಬಂದರು. ಹಿಂದಿನ ವರ್ಷ ಒಂದು ಪೆಟ್ಟಿಗೆಯ ಮುಚ್ಚಳ ಬಿದ್ದು ಎರಿ ಚೆಲ್ಲಿತ್ತಂತೆ. ಇಷ್ಟು ದಿನ ಮಂಗನ ಮೇಲೆ ಹಾಕಿದ್ದರು. "ಇವನದ್ದೇ ಕೆಲಸ," ಅಂದರು. ಕಲ್ಲು ಮೂರು ಕಿಲೋ ಇತ್ತು, ಅವನೇ ಎರಡು ಕಿಲೋ ಅಂದೆ. "ಬರ್ಕ ಹೊರುವವನಿಗೆ ಕಲ್ಲು ಎಂಥ ಲೆಕ್ಕ?" ಅಂದರು. ಈಗ ಅವರ ಪೆಟ್ಟಿಗೆಗಳ ಮೇಲೆ ಎರಡೆರಡು ಕಲ್ಲುಗಳಿವೆ.